ಬ್ಯಾಟರಿಗೊಂದು ಪಿಗ್ಮಿ ಖಾತೆ

ಸರ್ಕಾರಿ ಕಟ್ಟಡವೊಂದರ ಮಾಡಿನ ಮೇಲೆ ಸೌರ ಫಲಕಗಳು ಬಿಸಿಲಿಗೆ ಹೊಳೆಯುತ್ತಿರುತ್ತವೆ. ನಡು ಮಧ್ಯಾಹ್ನ ಎಲ್ಲೋ ಒಂದು ತೆಂಗಿನ ಮರ ತಂತಿಯ ಮೇಲೆ ಬಿದ್ದು ಊರಿನ ಕರೆಂಟು ಹೋಗುತ್ತದೆ. ಆ ಕಟ್ಟಡದ ಫ್ಯಾನು, ಕಂಪ್ಯೂಟರು, ಫ್ರಿಜ್ಜುಗಳೂ ಅದರೊಂದಿಗೇ ನಿಲ್ಲುತ್ತವೆ. ಮೇಲೆ ಅಷ್ಟು ಬಿಸಿಲಿದ್ದೂ ಕೆಳಗೆ ಕರೆಂಟಿಲ್ಲ ಎಂದರೆ ಜನ ನಂಬುವುದಿಲ್ಲ; ಯಂತ್ರ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಕೆಟ್ಟಿರುವುದಿಲ್ಲ. ಕರಾವಳಿಗೆ ವಿದ್ಯುತ್ ಪೂರೈಸುವ ಮೆಸ್ಕಾಂ ಕಂಪೆನಿಯ ತಂತಿಗೆ ಜೋಡಿಸಿದ, ಬ್ಯಾಟರಿ ಇಲ್ಲದ ಸೌರ ಇನ್ವರ್ಟರು ತಂತಿಯಲ್ಲಿ ವಿದ್ಯುತ್ ನಿಂತೊಡನೆ ತಾನೂ ನಿಲ್ಲಲೇಬೇಕು. ನಿಲ್ಲದಿದ್ದರೆ ಕಂಬ ಹತ್ತಿ ದುರಸ್ತಿ ಮಾಡುತ್ತಿರುವ ಲೈನ್‌ಮನ್‌ನ ಜೀವಕ್ಕೇ ಅಪಾಯ.

ಹಾಗಾಗಿ ಉಡುಪಿ, ಕಾಪು, ಕಾರ್ಕಳದ ಕಡೆ ಶಾಲೆಗೋ ಆಸ್ಪತ್ರೆಗೋ ಸೌರ ವಿದ್ಯುತ್ ಹಾಕಿಸುವ ಮಾತು ಬಂದಾಗಲೆಲ್ಲ ನಾವು ಮೊದಲು ಕೇಳಿಕೊಳ್ಳಬೇಕಾದದ್ದು ಎಷ್ಟು ಕಿಲೋವ್ಯಾಟ್ ಎಂದಲ್ಲ, ಯಾತಕ್ಕೆ ಎಂದು. ಬಿಲ್ಲು ಇಳಿಯಲಿ ಎಂದೇ, ಅಥವಾ ದೀಪ ಆರದಿರಲಿ ಎಂದೇ? ಬಿಲ್ಲಿಗಾಗಿಯಾದರೆ ಫಲಕ ಸಾಕು. ದೀಪಕ್ಕಾಗಿಯಾದರೆ ಬ್ಯಾಟರಿ ಬೇಕು. ಎರಡಕ್ಕೂ ಬೇಕಾಗುವ ದುಡ್ಡಿನ ಸ್ವರೂಪವೇ ಬೇರೆ. ಈಗ ಹೆಚ್ಚಿನ ಕಡೆ ಮೊದಲಿನದಕ್ಕೆ ಹಣ ಒದಗಿಸಿ ಎರಡನೆಯದು ಸಿಗುತ್ತದೆಂದು ನಂಬುತ್ತೇವೆ.

ನಮ್ಮ ಉಡುಪಿ ಜಿಲ್ಲೆಗೆ ವಿದ್ಯುತ್ತಿನ ಬಡತನವೇನಿಲ್ಲ. ಪಡುಬಿದ್ರಿ ಪಕ್ಕದ ಎಲ್ಲೂರಿನಲ್ಲಿ ಹೊರದೇಶದ ಕಲ್ಲಿದ್ದಲು ಉರಿಸುವ 1,200 ಮೆಗಾವ್ಯಾಟಿನ ಸ್ಥಾವರವಿದೆ, ಘಟ್ಟದ ಬುಡದಲ್ಲಿ ವಾರಾಹಿಯ ಜಲವಿದ್ಯುತ್ ಯೋಜನೆಯಿದೆ. ನಮ್ಮ ಕೊರತೆ ಉತ್ಪಾದನೆಯದ್ದಲ್ಲ, ಕೊನೆಯ ಒಂದೆರಡು ಮೈಲಿ ತಂತಿಯದ್ದು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಕರಾವಳಿಯನ್ನು ಅಪ್ಪಳಿಸಿದಾಗ ಕೋವಿಡ್ಡಿನ ಎರಡನೆಯ ಅಲೆಯೂ ಏರಿನಲ್ಲಿತ್ತು. ಕಾಪುವಿನ ಕಡಲಿನಲ್ಲಿ ಟಗ್ ಒಂದು ಸಿಕ್ಕಿಬಿದ್ದು ಒಂಬತ್ತು ಮಂದಿಯನ್ನು ಪಾರುಮಾಡಿದ ಸುದ್ದಿ ಎಲ್ಲರಿಗೂ ನೆನಪಿದೆ. ಅದೇ ದಿನಗಳಲ್ಲಿ ಕಂಬಗಳು ಉರುಳಿ ಕರೆಂಟು ಹೋದದ್ದನ್ನು ನೆನೆದಾಗ, ಆಮ್ಲಜನಕದ ಕಾನ್ಸಂಟ್ರೇಟರ್ ವಿದ್ಯುತ್ತಿಲ್ಲದೆ ಬರಿಯ ಪೆಟ್ಟಿಗೆ ಎಂಬುದನ್ನೂ ನೆನೆಯಬೇಕು.

ಯೋಜನೆ ಶುರುವಾಗಬೇಕಾದದ್ದು ಇಲ್ಲಿಂದ. ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ಯಾವುದು ಆರಲೇಬಾರದು? ಎರಡರಿಂದ ಎಂಟು ಡಿಗ್ರಿಯೊಳಗೇ ಇರಬೇಕಾದ ಲಸಿಕೆಯ ಫ್ರಿಜ್ಜು, ಹೆರಿಗೆ ಕೋಣೆಯ ದೀಪ, ಎಳೆಗೂಸನ್ನು ಬೆಚ್ಚಗಿಡುವ ವಾರ್ಮರ್, ಕಾನ್ಸಂಟ್ರೇಟರ್, ಪ್ರಯೋಗಾಲಯದ ಒಂದೆರಡು ಯಂತ್ರ. ಇವಿಷ್ಟಕ್ಕೆ ಬೇರೆಯೇ ವಯರಿಂಗ್ ಎಳೆಯಬೇಕು. ಎಸಿ, ಗೀಸರುಗಳನ್ನು ಆ ಸಾಲಿಗೆ ಸೇರಿಸಕೂಡದು. ಪಟ್ಟಿ ಬಿಗಿಯಾದಷ್ಟೂ ಬ್ಯಾಟರಿ ಚಿಕ್ಕದಾಗುತ್ತದೆ. ಕಟ್ಟಡದ ಇಡೀ ಬಿಲ್ಲನ್ನು ಹನ್ನೆರಡು ತಿಂಗಳಿಗೆ ಭಾಗಿಸಿ ಸರಾಸರಿ ತೆಗೆದು ಯೋಜನೆ ಬರೆಯುವವರು ಈ ಪಟ್ಟಿಯನ್ನು ಮಾಡುವುದೇ ಇಲ್ಲ.

ಸರಾಸರಿ ಎಂಬುದು ನಮ್ಮೂರಿನಲ್ಲಿ ಮೋಸ ಮಾಡುತ್ತದೆ. ವರ್ಷಕ್ಕೆ 4,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಜಿಲ್ಲೆ ಇದು. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಫೆಬ್ರವರಿಯಲ್ಲಿ ಒಂದು ಕಿಲೋವ್ಯಾಟ್ ಫಲಕ ದಿನಕ್ಕೆ ನಾಲ್ಕೈದು ಯೂನಿಟ್ ಕೊಟ್ಟರೆ, ಜುಲೈ–ಆಗಸ್ಟಿನ ಆಟಿ ತಿಂಗಳ ಮೋಡ ಕವಿದ ದಿನ ಅದು ಒಂದೂವರೆಗೂ ಇಳಿಯಬಹುದು. ಕರೆಂಟು ಹೆಚ್ಚು ಹೋಗುವುದೂ ಆಗಲೇ. ಇದನ್ನೇ ಮುಂದಿಟ್ಟು, ತುಳುನಾಡಿನ ಮಳೆಗೆ ಸೌರ ವಿದ್ಯುತ್ತು ಹೇಳಿಸಿದ್ದಲ್ಲ, ಜನರೇಟರ್ ಸಾಕು ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಅರ್ಧ ನಿಜವಿದೆ. ಮರೆಯುವುದೇನೆಂದರೆ, ಬ್ಯಾಟರಿಗೆ ಬಿಸಿಲೊಂದೇ ದಾರಿಯಲ್ಲ. ತಂತಿಯಲ್ಲಿ ಕರೆಂಟು ಇರುವ ಹೊತ್ತಿನಲ್ಲಿ ಅದರಿಂದಲೂ ತುಂಬಿಕೊಳ್ಳುತ್ತದೆ. ಮಳೆಗಾಲದಲ್ಲಿ ಸೌರ ಫಲಕ ಕೈಲಾದಷ್ಟು ಕೊಡುತ್ತದೆ, ಮೆಸ್ಕಾಂ ಮಿಕ್ಕದ್ದನ್ನು ತುಂಬುತ್ತದೆ, ಬ್ಯಾಟರಿ ಎರಡರ ನಡುವಿನ ಬಿರುಕನ್ನು ಮುಚ್ಚುತ್ತದೆ. ಎರಡು ಮೂರು ದಿನದ ಕತ್ತಲೆಗೆ ಜನರೇಟರ್ ಇರಲಿ, ಬೇಡವೆನ್ನುವುದಿಲ್ಲ. ಆದರೆ ನಡುರಾತ್ರಿ ಡೀಸೆಲ್ ತಂದು ಹಾಕಿ ಅದನ್ನು ಚಾಲೂ ಮಾಡಲು ಒಬ್ಬ ಮನುಷ್ಯ ಬೇಕು. ಬ್ಯಾಟರಿಗೆ ಬೇಡ.

ಮಾಡಿನ ವಿಚಾರ ಇನ್ನೊಂದು. ನಮ್ಮ ಹಳೆಯ ಶಾಲೆಗಳದ್ದು ಹಂಚಿನ ಮಾಡು. ಪಕ್ಕಾಸು, ರೀಪುಗಳಿಗೆ ಗೆದ್ದಲು ಹಿಡಿದಿರುತ್ತದೆ. ಹೊಸ ಕಟ್ಟಡಗಳ ತಾರಸಿ ಸೋರುವುದರಿಂದ ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹಾಕಿಸುವುದು ಕರಾವಳಿಯ ರೂಢಿ. ಆ ಶೀಟಿನ ಖರ್ಚಿಗೆ ಒಂದು ಇಲಾಖೆ, ಫಲಕದ ಚೌಕಟ್ಟಿಗೆ ಇನ್ನೊಂದು ಇಲಾಖೆ ದುಡ್ಡು ಕೊಡುವ ಬದಲು, ಒಂದೇ ಚೌಕಟ್ಟು ಎರಡನ್ನೂ ಹೊರುವಂತೆ ಕಟ್ಟಿದರೆ ಎಷ್ಟು ಉಳಿಯುತ್ತದೆ! ಕಾಪು, ಮಲ್ಪೆಯ ಉಪ್ಪುಗಾಳಿಗೆ ಸಾದಾ ಕಬ್ಬಿಣ ನಿಲ್ಲದು. ನಟ್ಟು ಬೋಲ್ಟುಗಳಾದರೂ ಸ್ಟೇನ್‌ಲೆಸ್ ಸ್ಟೀಲಿನವಾಗಿರಬೇಕು. ಕಾರ್ಕಳದ ಕಡೆ ಸಿಡಿಲಿನ ಭಯ. ಸಿಡಿಲು ಹೆಚ್ಚಾಗಿ ಬರುವುದು ಏಪ್ರಿಲ್–ಮೇ ತಿಂಗಳ ಮುಂಗಾರುಪೂರ್ವ ಮಳೆಯಲ್ಲಿ. ಆಗ ಮುರಕಲ್ಲಿನ ನೆಲ ಒಣಗಿ ಅರ್ತಿಂಗ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಅರ್ತಿಂಗ್ ಗುಂಡಿಗೆ ಬೇಸಗೆಯಲ್ಲಿ ನೀರು ಹೊಯ್ಯುವ ಕೆಲಸ ಯಾರದ್ದೆಂದು ಯೋಜನೆಯಲ್ಲೇ ಬರೆದಿರಬೇಕು.

ಈಗ ದುಡ್ಡು. ಫಲಕಕ್ಕೆ ದುಡ್ಡು ಹುಟ್ಟುತ್ತದೆ. ಶಾಸಕರ ನಿಧಿ, ಕಂಪೆನಿಗಳ ಸಿಎಸ್‌ಆರ್, ಊರ ದಾನಿಗಳು, ಮುಂಬಯಿಯಲ್ಲಿರುವ ಹಳೆ ವಿದ್ಯಾರ್ಥಿಗಳು ಇದ್ದಾರೆ. ಇಲ್ಲವೇ ಖಾಸಗಿಯವರೇ ಫಲಕ ಹಾಕಿ ಯೂನಿಟ್ ಲೆಕ್ಕದಲ್ಲಿ ವಿದ್ಯುತ್ ಮಾರುವ ಒಪ್ಪಂದವೂ ಆಗುತ್ತದೆ. ಫಲಕ ಇಪ್ಪತ್ತೈದು ವರ್ಷ ಬಾಳುತ್ತದೆ. ಸೀಸದ ಬ್ಯಾಟರಿ ಬಾಳುವುದು ಐದಾರು ವರ್ಷ, ಅದೂ ಯಾರಾದರೂ ನೆನಪಿಟ್ಟು ಡಿಸ್ಟಿಲ್ಡ್ ವಾಟರ್ ಹೊಯ್ದರೆ. ಲಿಥಿಯಂ ಬ್ಯಾಟರಿ ಹತ್ತು ವರ್ಷದಾಚೆಗೂ ಹೋಗುತ್ತದೆ. 2010ರಿಂದೀಚೆಗೆ ಜಗತ್ತಿನಲ್ಲಿ ಅದರ ಬೆಲೆ ಸುಮಾರು ಹತ್ತನೇ ಒಂದಕ್ಕೆ ಇಳಿದಿದೆ. ಆದರೂ ಒಂದು ದಿನ ಅದು ಮುಗಿಯುತ್ತದೆ. ಆ ದಿನ ಉದ್ಘಾಟನೆಯೂ ಇಲ್ಲ, ದಾನಿಯ ಹೆಸರಿನ ಕಲ್ಲೂ ಇಲ್ಲ. ಕಟ್ಟಿಸಿದ ದುಡ್ಡು ಒಂದು ಲೆಕ್ಕಶೀರ್ಷಿಕೆಯದ್ದು, ಬಿಲ್ಲು ಕಟ್ಟುವುದು ಮತ್ತೊಂದರಿಂದ. ಬ್ಯಾಟರಿ ಬದಲಿಸಲು ಯಾವ ಶೀರ್ಷಿಕೆಯೂ ಇರುವುದಿಲ್ಲ.

ಇದಕ್ಕೆ ಉತ್ತರ ನಮ್ಮ ಊರಿನ ಚರಿತ್ರೆಯಲ್ಲೇ ಇದೆ. 1925ರಲ್ಲಿ ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಅವರು 8,000 ರೂಪಾಯಿ ಬಂಡವಾಳದಲ್ಲಿ, ನೇಕಾರರ ಕಷ್ಟ ಕಂಡು ಕಟ್ಟಿದ ಸಂಸ್ಥೆ ಮುಂದೆ ಮಣಿಪಾಲದ ಸಿಂಡಿಕೇಟ್ ಬ್ಯಾಂಕಾಯಿತು. 1928ರಲ್ಲಿ ಅದು ಶುರುಮಾಡಿದ ಪಿಗ್ಮಿ ಠೇವಣಿಯಲ್ಲಿ ಏಜೆಂಟರು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯನ್ನೂ ಕೂಡಿಸಿಕೊಂಡರು. ಒಟ್ಟಿಗೆ ತೆರಲಾಗದ್ದನ್ನು ದಿನದಿನ ತೆಗೆದಿಡಬಹುದೆಂಬ ಆ ಸರಳ ತಿಳಿವಳಿಕೆ ಸೌರ ವಿದ್ಯುತ್ತಿಗೂ ಹಿಂದೆ ಒದಗಿದೆ. ಹರೀಶ್ ಹಂದೆಯವರು 1995ರಲ್ಲಿ ಕಟ್ಟಿದ ಸೆಲ್ಕೋ ಕಂಪೆನಿ ಹಳ್ಳಿಮನೆಗಳಿಗೆ ಸೌರ ದೀಪ ಕೊಡಲು ಹೊರಟಾಗ ತೊಡಕಾದದ್ದು ತಂತ್ರಜ್ಞಾನವಲ್ಲ, ಕಂತು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಬೆಂಬಲದಿಂದ 2003ರಲ್ಲಿ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳು ಸಾಲಯೋಜನೆ ತಂದಾಗ ಕೆಲವೇ ವರ್ಷಗಳಲ್ಲಿ 18,000ಕ್ಕೂ ಹೆಚ್ಚು ಮನೆಗಳಲ್ಲಿ ಬೆಳಕಾಯಿತು. ಕಂತು ಕಟ್ಟಿದ ಮನೆಯವರು ಬ್ಯಾಟರಿಯನ್ನು ತಮ್ಮದೆಂದು ನೋಡಿಕೊಂಡರು. ಸಾರ್ವಜನಿಕ ಕಟ್ಟಡದಲ್ಲಿ ಇಲ್ಲವಾಗಿರುವುದು ಈ "ತಮ್ಮದು".

ಲೆಕ್ಕಕ್ಕೆಂದು ಹಿಡಿಯೋಣ: ಆರೋಗ್ಯ ಕೇಂದ್ರವೊಂದಕ್ಕೆ ಐದು ಕಿಲೋವ್ಯಾಟ್ ಫಲಕ, ಎರಡು ಲಕ್ಷ ರೂಪಾಯಿಯ ಬ್ಯಾಟರಿ. ಹತ್ತು ವರ್ಷಕ್ಕೆ ಹಂಚಿದರೆ ಬ್ಯಾಟರಿಯ ಪಾಲು ದಿನಕ್ಕೆ ಐವತ್ತೈದು ರೂಪಾಯಿ. ಫಲಕ ದಿನಕ್ಕೆ ಸರಾಸರಿ ಹದಿನೆಂಟು ಯೂನಿಟ್ ಉಳಿಸಿಕೊಟ್ಟು ಯೂನಿಟ್ಟಿಗೆ ಏಳು ರೂಪಾಯಿ ಎಂದರೆ ಉಳಿತಾಯ ನೂರಿಪ್ಪತ್ತಾರು. ಅದರಲ್ಲಿ ಅರ್ಧಕ್ಕಿಂತ ಕಡಿಮೆ ತೆಗೆದಿಟ್ಟರೂ ಮುಂದಿನ ಬ್ಯಾಟರಿ ಯಾರ ಮುಂದೆಯೂ ಕೈಚಾಚದೆ ಬರುತ್ತದೆ. ದುಡ್ಡು ಇಡಲು ಜಾಗವೂ ಇದೆ: ಆಸ್ಪತ್ರೆಗೆ ಆರೋಗ್ಯ ರಕ್ಷಾ ಸಮಿತಿ, ಶಾಲೆಗೆ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ). ಬಿಲ್ಲಿನ ಉಳಿತಾಯ ಖಜಾನೆಗೆ ಸೇರಿದ್ದು, ಸಮಿತಿಗೆ ಕೊಡುವಂತಿಲ್ಲ ಎಂದು ಲೆಕ್ಕಪರಿಶೋಧಕರು ಆಕ್ಷೇಪಿಸಬಹುದು. ಆ ಆಕ್ಷೇಪವನ್ನು ಒಂದು ಸರ್ಕಾರಿ ಆದೇಶ ನಿವಾರಿಸಬಲ್ಲದು, ಮತ್ತು ಅದು ಟೆಂಡರಿಗಿಂತ ಮೊದಲೇ ಹೊರಬೀಳಬೇಕು.

ಲಸಿಕೆಯ ಫ್ರಿಜ್ಜಿನ ಉಷ್ಣತೆಯನ್ನು ಸಿಬ್ಬಂದಿ ದಿನಕ್ಕೆರಡು ಬಾರಿ ನೋಡಿ ಪುಸ್ತಕದಲ್ಲಿ ಬರೆಯುತ್ತಾರೆ, ರಜಾದಿನಗಳಲ್ಲೂ. ಆ ಪುಟದಲ್ಲೇ ಇನ್ನೆರಡು ಅಂಕಣಗಳಿಗೆ ಜಾಗವಿದೆ: ಬ್ಯಾಟರಿಯಲ್ಲಿ ಉಳಿದಿರುವುದೆಷ್ಟು, ಖಾತೆಯಲ್ಲಿ ಕೂಡಿರುವುದೆಷ್ಟು.