ದುಬೈ ರಸ್ತೆ, ನಮ್ಮವರ ಜೀವ, ಮನೆಯ ಫೋನು

ಗಲ್ಫ್‌ನಲ್ಲಿ ದುಡಿಯುವ ಒಬ್ಬರಾದರೂ ಇಲ್ಲದ ವಾಳೆ ನಮ್ಮ ಕರಾವಳಿಯಲ್ಲಿ ಸಿಗುವುದು ಕಷ್ಟ. ಅವರ ವೀಸಾ, ಸಂಬಳ, ರಜೆಯ ಬಗ್ಗೆ ನಾವೆಲ್ಲರೂ ವಿಚಾರಿಸುತ್ತೇವೆ. ಅವರು ದಿನಕ್ಕೆರಡು ಬಾರಿ ಕಾರು ಓಡಿಸುವ ರಸ್ತೆಯ ಬಗ್ಗೆ ವಿಚಾರಿಸುವುದು ಅಪರೂಪ.

ದುಬೈಯನ್ನೇ ತೆಗೆದುಕೊಳ್ಳೋಣ. ಕೆಲಸ ದುಬೈಯಲ್ಲಿ, ಬಾಡಿಗೆ ಕಡಿಮೆಯೆಂದು ವಾಸ ಶಾರ್ಜಾದಲ್ಲಿ. ಇದು ನಮ್ಮ ಅನೇಕ ಕುಟುಂಬಗಳ ಕಥೆ. 2009ರಲ್ಲಿ ಆರಂಭವಾದ ದುಬೈ ಮೆಟ್ರೋ ಶಾರ್ಜಾವನ್ನು ಮುಟ್ಟುವುದಿಲ್ಲ. ಹೀಗಾಗಿ ಅಲ್ ಇತ್ತಿಹಾದ್ ರಸ್ತೆಯಲ್ಲಿ ಬೆಳಿಗ್ಗೆ ದುಬೈ ಕಡೆಗೆ, ಸಂಜೆ ಶಾರ್ಜಾ ಕಡೆಗೆ ವಾಹನಗಳು ಇರುವೆ ಸಾಲಿನಂತೆ ತೆವಳುತ್ತವೆ.

ಊರಿನಲ್ಲಿ ಇಪ್ಪತ್ತು ವರ್ಷ ಕಾರು ಓಡಿಸಿದವರೂ ಅಲ್ಲಿ ಹೊಸದಾಗಿ ಕಲಿಯಬೇಕಾಗುತ್ತದೆ. ವಾಹನ ರಸ್ತೆಯ ಬಲಬದಿಯಲ್ಲಿ, ಸ್ಟೇರಿಂಗ್ ಎಡಗಡೆ. ವೃತ್ತದಲ್ಲಿ ಎಡದಿಂದ ಬರುವ ವಾಹನಕ್ಕೆ ಮೊದಲ ದಾರಿ. ಎಡತುದಿಯ ಪಥ ವೇಗವಾಗಿ ಹೋಗುವವರಿಗೆ. ನಡೆದು ರಸ್ತೆ ದಾಟುವವರೂ ಮೊದಲು ಎಡಕ್ಕೆ ನೋಡಬೇಕು. ಊರಿನ ಅಭ್ಯಾಸದಂತೆ ಬಲಕ್ಕೆ ನೋಡಿ ಕಾಲಿಟ್ಟರೆ ಅಪಾಯ. ಮಂಜು ಕವಿದಾಗ ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತಾ ಓಡಿಸುವ ನಮ್ಮ ಪದ್ಧತಿಗೆ ಅಲ್ಲಿ ದಂಡವಿದೆ.

ಕಾನೂನೂ ಬಿಗಿಯಾಗಿದೆ. 2017ರಿಂದ ಹಿಂದಿನ ಸೀಟಿನವರಿಗೂ ಬೆಲ್ಟ್ ಕಡ್ಡಾಯ. ಓಡಿಸುವಾಗ ಕೈಯಲ್ಲಿ ಫೋನ್ ಹಿಡಿದರೆ 800 ದಿರ್ಹಮ್ ದಂಡ, ನಾಲ್ಕು ಕಪ್ಪು ಅಂಕ. ಮುಂದಿನ ವಾಹನಕ್ಕೆ ಅಂಟಿಕೊಂಡು ಓಡಿಸಿದರೆ 400 ದಿರ್ಹಮ್, ಮತ್ತೆ ನಾಲ್ಕು ಅಂಕ. ಅಂಕ 24 ತಲುಪಿದರೆ ಲೈಸನ್ಸ್ ಅಮಾನತು. 2025ರ ಮಾರ್ಚ್ 29ರಂದು ಜಾರಿಗೆ ಬಂದ ಹೊಸ ಸಂಚಾರ ಕಾನೂನಿನಂತೆ, ನಿರ್ಲಕ್ಷ್ಯದಿಂದ ಒಬ್ಬರ ಸಾವಿಗೆ ಕಾರಣರಾದರೆ ಜೈಲು ಅಥವಾ ಕನಿಷ್ಠ 50,000 ದಿರ್ಹಮ್ ದಂಡ, ಇಲ್ಲವೇ ಎರಡೂ. ಮೃತರ ಕುಟುಂಬಕ್ಕೆ ಸಲ್ಲಬೇಕಾದ ಪರಿಹಾರ ಬೇರೆ. ಒಂದು ಕ್ಷಣದ ಮೈಮರೆವು ಇಲ್ಲಿನ ಮನೆ ಸಾಲವನ್ನೂ ಮಕ್ಕಳ ಶಿಕ್ಷಣವನ್ನೂ ಅಲುಗಾಡಿಸಬಲ್ಲದು.

ಹಾಗಾದರೆ ತಪ್ಪುವುದೆಲ್ಲಿ? ನಿಯಮ ತಿಳಿಯದೆ ಅಲ್ಲ. ಡ್ರೈವಿಂಗ್ ಶಾಲೆಯಲ್ಲಿ ತರಬೇತಿ ಪಡೆದು, ಪರೀಕ್ಷೆಯಲ್ಲಿ ಫೇಲಾಗಿ, ಮತ್ತೆ ಶುಲ್ಕ ಕಟ್ಟಿ ಲೈಸನ್ಸ್ ಪಡೆದವರಿಗೆ ನಿಯಮಗಳು ಬಾಯಿಪಾಠ. ಅಪಘಾತಗಳಿಗೆ ಅಲ್ಲಿನ ಪೊಲೀಸರು ಮತ್ತೆ ಮತ್ತೆ ಹೇಳುವ ಕಾರಣಗಳು ಬೇರೆಯೇ: ಅಂತರ ಕಾಯದಿರುವುದು, ಹಠಾತ್ತನೆ ಪಥ ಬದಲಿಸುವುದು, ಗಮನ ಬೇರೆಡೆ ಇರುವುದು. ದಣಿದ ದೇಹ, ಮನೆ ಸೇರುವ ಆತುರ, ರಿಂಗಣಿಸುವ ಫೋನು ಇವು ಮೂರು ಸೇರಿದರೆ ಸಾಕು.

ಇಲ್ಲಿ ನಮ್ಮ ಪಾಲೂ ಇದೆ. ನಮ್ಮ ಗಡಿಯಾರ ಅವರದಕ್ಕಿಂತ ಒಂದೂವರೆ ಗಂಟೆ ಮುಂದಿದೆ. ಇಲ್ಲಿ ಏಳೂವರೆಗೆ ಜಪಸರ ಮುಗಿಸಿ, ‘ಮಗನಿಗೊಂದು ಫೋನ್ ಮಾಡುವಾ’ ಎಂದು ಅಮ್ಮ ಕುಳಿತಾಗ ಅಲ್ಲಿ ಸಂಜೆ ಆರು. ಅವನು ಟ್ರಾಫಿಕ್ ನಡುವೆ ಇದ್ದಾನೆ. ತಾಯಿಯ ಕರೆ, ಎತ್ತದಿದ್ದರೆ ಗಾಬರಿಯಾಗುತ್ತಾಳೆಂದು ಎತ್ತುತ್ತಾನೆ. ತಂಗಿಯ ಸಂಬಂಧ, ಜಾಗದ ತಕರಾರು, ಅಪ್ಪನ ಬಿಪಿ, ಎಲ್ಲವೂ ಆಗಲೇ ಮಾತಿಗೆ ಬರುತ್ತವೆ. ಹೆಡ್‌ಸೆಟ್ ಇದ್ದರೆ ಕೈ ಖಾಲಿ ಇರಬಹುದು, ಮನಸ್ಸು ಖಾಲಿ ಇರುವುದಿಲ್ಲ.

ರಜೆಯಲ್ಲಿ ಬಂದವರಿಗೆ ಅಪಾಯ ತಿರುಗುಮುರುಗು. ಬಲಬದಿಗೆ ಒಗ್ಗಿದ ಕಣ್ಣು ರಾಷ್ಟ್ರೀಯ ಹೆದ್ದಾರಿ 66ಕ್ಕೆ ಹೊಂದಿಕೊಳ್ಳಲು ಸಮಯ ಬೇಕು. ರಾತ್ರಿ ನಿದ್ದೆಗೆಟ್ಟು ವಿಮಾನ ಇಳಿದವರ ಕೈಗೆ ಅಂದೇ ಕಾರಿನ ಕೀಲಿ ಕೊಡುವುದು ಪ್ರೀತಿಯಲ್ಲ. ಎರಡು ದಿನ ಬೇರೆಯವರು ಓಡಿಸಲಿ.

ಗಲ್ಫ್‌ನ ರಸ್ತೆಗಳನ್ನು ನಾವು ಬದಲಿಸಲಾರೆವು. ಆದರೆ ಫೋನಿನ ಸಮಯವನ್ನು ಬದಲಿಸಬಹುದು. ನಮ್ಮ ಒಂಬತ್ತೂವರೆ ಅಲ್ಲಿ ಎಂಟು. ಸಾಮಾನ್ಯವಾಗಿ ಅವರು ಮನೆ ಸೇರಿರುವ ಹೊತ್ತು. ಮನೆ ಮುಟ್ಟಿದ ಮೇಲೆ ಅವರೇ ಕರೆ ಮಾಡಲಿ. ಅವಸರದಲ್ಲಿ ನಾವೇ ಮಾಡಿದರೂ ಮೊದಲ ಪ್ರಶ್ನೆ ‘ಗಾಡಿಯಲ್ಲಿದ್ದೀಯಾ?’ ಎಂದಿರಲಿ. ಹೌದೆಂದರೆ ಅಲ್ಲಿಗೇ ಫೋನ್ ಇಡೋಣ. ನಮ್ಮ ಗುರಿಕಾರರು ಮುಂದಿನ ವಾಳೆಯ ಸಭೆಯಲ್ಲಿ ಇದನ್ನು ಎರಡು ನಿಮಿಷ ಪ್ರಸ್ತಾಪಿಸಿದರೆ ಒಳ್ಳೆಯದು. ಖರ್ಚೇನೂ ಇಲ್ಲ, ಒಂದು ಜೀವವಾದರೂ ಉಳಿದೀತು.