ಫೋಲ್ಡರ್ ತೆರೆಯಲಿಲ್ಲ ಅಂತ ಹಳೇ ಬಾಗಿಲು ತೆಗೀಬ್ಯಾಡ್ರಿ

ಕಾಗಿನೆಲೆಯ ಕನಕ ಜಯಂತಿ ವಿಡಿಯೊ, ಬ್ಯಾಡಗಿ ಮೆಣಸಿನಕಾಯಿ ಪೇಟೆಯ ಫೋಟೊ, ಹೊಲದ ಉತಾರ ಎಲ್ಲವನ್ನೂ ನಾವು ಮನೆಯ ಹಳೇ ಕಂಪ್ಯೂಟರಿನಲ್ಲಿಡುತ್ತೇವೆ. ಅದೇ ನಮ್ಮ ಸರ್ವರ್. ಲ್ಯಾಪ್‌ಟಾಪ್ ಹೊಸದಾದರೆ ಒಮ್ಮೊಮ್ಮೆ ಅದರ ಫೋಲ್ಡರ್ ತೆರೆಯುವುದಿಲ್ಲ. ಆಗ ಸಿಗುವ ಸಲಹೆ: ‘ಎಸ್‌ಎಂಬಿ 1 ಆನ್ ಮಾಡ್ರಿ’. ಬ್ಯಾಡ ಅಂತೀವಿ ನಾವು.

ಎಸ್‌ಎಂಬಿ ಎಂದರೆ ಕಂಪ್ಯೂಟರುಗಳು ಫೈಲ್ ಹಂಚಿಕೊಳ್ಳುವ ಪದ್ಧತಿ. ಅದರ ಹಳೇ ಆವೃತ್ತಿಯ ದೋಷ ಹಿಡಿದೇ 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಹಬ್ಬಿತು. ಬ್ರಿಟನ್ನಿನ ಆಸ್ಪತ್ರೆಗಳ ಫೈಲುಗಳಿಗೂ ಬೀಗ ಹಾಕಿ ದುಡ್ಡು ಕೇಳಿತು.

ಮೊದಲು ಎರಡೂ ಒಂದೇ ರೂಟರಿನಲ್ಲಿವೆಯೇ ನೋಡಿರಿ. ಇಂಟರ್ನೆಟ್ ಇರಲೇಬೇಕೆಂದಿಲ್ಲ. ಹೆಸರಿನ ಬದಲು ಸರ್ವರಿನ ಐಪಿ ಸಂಖ್ಯೆ ಹಾಕಿರಿ. ಕರೆಂಟ್ ಹೋಗಿ ಬಂದಾಗ ಆ ಸಂಖ್ಯೆ ಬದಲಾಗಿರಬಹುದು, ರೂಟರಿನಲ್ಲಿ ನೋಡಿಕೊಳ್ಳಿರಿ. ಆಗಲೂ ತೆರೆಯದಿದ್ದರೆ ಪಾಸ್‌ವರ್ಡ್ ನೋಡಿರಿ. ವಿಂಡೋಸ್ 11 ಪ್ರೊ 24ಎಚ್2 ಪಾಸ್‌ವರ್ಡ್ ಇಲ್ಲದ ಅತಿಥಿ ಪ್ರವೇಶವನ್ನು ತಾನಾಗಿ ಒಪ್ಪುವುದಿಲ್ಲ. ಸರ್ವರಿನಲ್ಲಿ ನಿಮ್ಮ ಹೆಸರಿಗೊಂದು ಖಾತೆ, ಪಾಸ್‌ವರ್ಡ್ ಮಾಡಿರಿ.

ಸರ್ವರಿಗೆ ಹಳೇ ಪದ್ಧತಿಯಷ್ಟೇ ಗೊತ್ತಿದ್ದರೆ ಅದರ ಸಾಫ್ಟ್‌ವೇರ್ ಬದಲಿಸಿರಿ. ಅರ್ಧ ದಿನ ಹೋದೀತು. ಉತಾರ ಮತ್ತೆ ತೆಗೆಸಬಹುದು, ತೀರಿಹೋದವರ ಫೋಟೊ ಮತ್ತೆ ತೆಗೆಯಲಾಗದು.