ಆಡು ಮುಟ್ಟದ ಸೊಪ್ಪಿಲ್ಲವಂತೆ!



“ಆಡು ಮುಟ್ಟದ ಸೊಪ್ಪಿಲ್ಲ” ಎಂಬ ಗಾದೆ ನಮಗೆಲ್ಲ ಬಾಯಿಪಾಠ. ಆದರೆ ಈ ಗಾದೆಯಿಂದ ಆಡಿಗೆ ಆದದ್ದು ಅಪಕಾರವೇ ಹೆಚ್ಚು ಎಂದು ನನ್ನ ಅಭಿಪ್ರಾಯ. ಏನು ಹಾಕಿದರೂ ತಿನ್ನುತ್ತದೆ, ಎಲ್ಲಿ ಕಟ್ಟಿದರೂ ಬದುಕುತ್ತದೆ ಅಂತ ಜನ ತಿಳಿಯುತ್ತಾರೆ. ನಮ್ಮ ಮನೆಯಲ್ಲೂ ಹಾಗೇ ತಿಳಿದಿದ್ದೆವು.

ಕಳೆದ ಆಟಿ ತಿಂಗಳಲ್ಲಿ ನಮ್ಮ ಆಡು ಎರಡು ಮರಿ ಹಾಕಿತು. ದನದ ಹಟ್ಟಿಯ ಮೂಲೆಯಲ್ಲಿ ಕಟ್ಟಿದ್ದೆವು. ಮೇಲಿಂದ ಸೋರುವುದು, ಕೆಳಗೆ ಗಂಜಳದ ಕೆಸರು. ಸಣ್ಣ ಮರಿ ಕೆಮ್ಮಲು ಶುರು ಮಾಡಿ ನಾಲ್ಕನೇ ದಿನ ಸತ್ತೇ ಹೋಯಿತು. ಅದನ್ನು ತಾಯಿಯ ಕೆಚ್ಚಲಿಗೆ ಹಿಡಿದು ಹಾಲು ಕುಡಿಸುವ ಕೆಲಸ ನನ್ನದಾಗಿತ್ತು. ಪಶುವೈದ್ಯರು ಹಟ್ಟಿ ನೋಡಿ, “ಮದ್ದಿಗಿಂತ ಮೊದಲು ಒಣ ಜಾಗ ಬೇಕು” ಅಂದರು.

ದೂರದ ಪೆರು ದೇಶದ ಆಂಡಿಸ್ ಪರ್ವತಗಳಲ್ಲಿ ಉಣ್ಣೆಗಾಗಿ ಅಲ್ಪಾಕ ಎಂಬ ಪ್ರಾಣಿ ಸಾಕುತ್ತಾರೆ. ಅಷ್ಟು ದಪ್ಪ ಉಣ್ಣೆಯ ಜಾತಿಯಾದರೂ ಚಳಿಗೆ ಅದರ ಮರಿಗಳು ಸಾಯುತ್ತವೆ. ಅದಕ್ಕೇ ಅಲ್ಲಿ ಅವಕ್ಕೆ ಕೊಟ್ಟಿಗೆ ಕಟ್ಟಿಕೊಡುತ್ತಾರೆ. ಅಲ್ಲಿ ಚಳಿ ಶತ್ರುವಾದರೆ ನಮ್ಮಲ್ಲಿ ಮಳೆ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಬರುತ್ತದೆ. ಆಡಿಗೆ ಒದ್ದೆ ಆಗುವುದೇ ಇಲ್ಲ ಮಾರಾಯ್ರೆ!

ಅದಕ್ಕೆ ಉಪಾಯ ಅಟ್ಟ. ನೆಲದಿಂದ ಸುಮಾರು 3 ಅಡಿ ಎತ್ತರದಲ್ಲಿ ಅಡಿಕೆ ಮರದ ಸಲಾಕೆ ಹಾಸಬೇಕು. ಸಲಾಕೆಗಳ ನಡುವೆ ಹಿಕ್ಕೆ ಬೀಳುವಷ್ಟು ಸಂದು ಇರಲಿ, ಮರಿಯ ಕಾಲು ಸಿಕ್ಕಿಕೊಳ್ಳಬಾರದು.

ಸೊಪ್ಪಿನ ವಿಷಯದಲ್ಲೂ ಗಾದೆ ಸರಿಯಲ್ಲ. ತುಳಿದು ಕೆಸರಾದ ಸೊಪ್ಪನ್ನು ಆಡು ಮೂಸಿ ಬಿಟ್ಟುಬಿಡುತ್ತದೆ. ಹಲಸಿನ ಸೊಪ್ಪನ್ನು ಮೇಲೆ ಕಟ್ಟಿದರೆ ಕಡ್ಡಿ ಮಾತ್ರ ಉಳಿಯುತ್ತದೆ. ಕಾರ್ಕಳದ ಕಡೆ ಕಾಣುವ ರಬ್ಬರ್ ಎಲೆ, ಮರಗೆಣಸಿನ ಹಸಿ ಸೊಪ್ಪು ಕೊಡಲೇಬಾರದು, ಅದರಲ್ಲಿ ಸಯನೈಡ್ ವಿಷ ಉಂಟು. ಮಳೆಗಾಲಕ್ಕೆ ಮೊದಲು ಹುಳದ ಮದ್ದು, ನಾಲ್ಕು ತಿಂಗಳು ತುಂಬಿದ ಮರಿಗೆ ಪಿ.ಪಿ.ಆರ್. ಲಸಿಕೆ ಹಾಕಿಸಬೇಕು.

“ಅಟ್ಟಕ್ಕೆ ಖರ್ಚು ಯಾರು ಕೊಡ್ತಾರೆ?” ಅಂತ ನೀವು ಕೇಳಬಹುದು. ನಮ್ಮಪ್ಪ ಗಾಳಿಗೆ ಬಿದ್ದ ಅಡಿಕೆ ಮರದಿಂದಲೇ ಎರಡು ಭಾನುವಾರದಲ್ಲಿ ಕಟ್ಟಿದರು. ಕೆಳಗೆ ಬಿದ್ದ ಹಿಕ್ಕೆ ಶಂಕರಪುರದ ಮಾವನ ಮಲ್ಲಿಗೆ ಗಿಡಕ್ಕೆ ಹೋಗುತ್ತದೆ.

ಉಳಿದ ಮರಿ ಈಗ ಅಟ್ಟದ ಮೇಲೆ ಮಲಗುತ್ತದೆ. ಇನ್ನೊಂದಕ್ಕೆ ತಡವಾಯಿತು. ನಿಮ್ಮ ಮನೆಯಲ್ಲಿ ಹಾಗಾಗಬಾರದು. ಪತ್ತನಾಜೆ ಕಳೆದರೆ ಮಳೆ ಬಂತೆಂದೇ ಲೆಕ್ಕ. ಅದರೊಳಗೆ ಅಟ್ಟ ಕಟ್ಟಿ, ಆಮೇಲೆ ಗಾದೆ ಹೇಳಿ.

— 9ನೇ ತರಗತಿಯ ಒಬ್ಬ ವಿದ್ಯಾರ್ಥಿ